ಬೇಲಿ ಬಾಗಿಲ ಕೆಸರು

"ಗುರುಗಳೇ, ಜನರಿಗೆ ತಾಳ್ಮೆ ಕಲಿಸುವುದು ಹೇಗೆ?" ಎಂದು ಚನ್ನವೀರ ಕೇಳಿದ.

ಗುರುವಿನ ಬಳಿ ಗಿಡಮೂಲಿಕೆಯ ವಿದ್ಯೆ ಕಲಿತವನು ಅವನು. ಎಂಟು ವರ್ಷಗಳಿಂದ ಪಕ್ಕದ ಊರಿನಲ್ಲಿ ಧರ್ಮಕ್ಕೆ ಔಷಧಿ ಕೊಡುತ್ತಿದ್ದ. ಅವನು ಕಾಸಿದ ಜ್ವರದ ಕಷಾಯಕ್ಕಾಗಿ ಸುತ್ತಲ ಹಳ್ಳಿಯ ಜನ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಹಿಂದಿನ ದಿನ ಅಲ್ಲಿ ನೂಕುನುಗ್ಗಲಾಗಿ, ಮೊಮ್ಮಗಳಿಗೆ ಕಷಾಯ ಒಯ್ಯಲು ಬಂದ ಮುದುಕಿಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಗಿನಿಂದ ಚನ್ನವೀರನಿಗೆ ಅನ್ನ ಸೇರಿರಲಿಲ್ಲ. ಇಂಥ ಜನಕ್ಕೆ ಎಷ್ಟು ಮಾಡಿದರೂ ಇಷ್ಟೇ ಎಂಬ ಸಿಟ್ಟೂ ಇತ್ತು.

ಬೇರು ಹೆಚ್ಚುತ್ತಿದ್ದ ಗುರು ಕತ್ತಿ ಕೆಳಗಿಟ್ಟು ಹೇಳತೊಡಗಿದರು.

ಒಬ್ಬ ಸಾಹುಕಾರನಿಗೆ ಕುದುರೆಗಳ ಹುಚ್ಚು. ಊರಾಚೆ ಬೇಲಿ ಹಾಕಿದ ಹುಲ್ಲುಗಾವಲಿನಲ್ಲಿ ಇಪ್ಪತ್ತು ಕುದುರೆಗಳನ್ನು ಮೇಯಲು ಬಿಟ್ಟಿದ್ದ. ದಿನವೂ ಇಳಿಹೊತ್ತಿಗೆ ಬೇಯಿಸಿದ ಹುರುಳಿ ಹೊರಿಸಿಕೊಂಡು ಬಂದು, ಬೇಲಿಯ ಬಾಗಿಲಲ್ಲಿ ನಿಂತು ತನ್ನ ಕೈಯಾರೆ ಸುರಿಯುತ್ತಿದ್ದ. ಕುದುರೆಗಳು ನಡುಹಗಲಿನಿಂದಲೇ ಅಲ್ಲಿ ಬಂದು ಕಾಯುತ್ತಿದ್ದವು, ಅವನನ್ನು ಕಂಡೊಡನೆ ಕೆನೆಯುತ್ತಿದ್ದವು. ನೆಂಟರನ್ನು ಕರೆತಂದು ಅವನು ಇದನ್ನು ತೋರಿಸುತ್ತಿದ್ದ. ಹೆತ್ತ ಮಕ್ಕಳೂ ಹೀಗೆ ಕಾಯುವುದಿಲ್ಲ ಎನ್ನುತ್ತಿದ್ದ.

ಆ ವರ್ಷ ಹಿಂಗಾರು ಬಹಳ ದಿನ ಬಿಡಲಿಲ್ಲ. ಚಳಿ ಬಿದ್ದರೂ ನೆಲ ಆರಲಿಲ್ಲ. ಕಾವಲೆಲ್ಲ ಹಸಿರಾಗಿದ್ದರೂ ಬಾಗಿಲ ಬಳಿ ಮಾತ್ರ ಎಂಬತ್ತು ಗೊರಸು ತುಳಿದು ತುಳಿದು ಮೊಣಕಾಲುದ್ದ ಕೆಸರು. ಸಾಹುಕಾರ ಕೈಕಟ್ಟಿ ಕೂರಲಿಲ್ಲ, ಅದನ್ನೂ ಹೇಳಬೇಕು. ಒಣಹುಲ್ಲು ಹಾಸಿಸಿದ, ಅದು ಕೊಳೆತು ಕೆಸರಿಗೆ ಕೆಸರು ಸೇರಿತು. ಜಲ್ಲಿ ಸುರಿಸಿದ, ಎರಡು ವಾರದಲ್ಲಿ ನೆಲ ನುಂಗಿತು. ಚಪ್ಪಡಿ ಹಾಕಿಸಿದ. ಅವು ಒಂದೊಂದೂ ಒಂದೊಂದು ಕಡೆ ವಾಲಿ ಇನ್ನಷ್ಟು ಜಾರತೊಡಗಿದವು.

ಗುಂಪಿನಲ್ಲಿ ಗಬ್ಬದ ಕುದುರೆಯೊಂದಿತ್ತು, ಬಹಳ ಸಾಧು. ಬಲವಾದವು ಅದನ್ನು ಕೆಸರು ಆಳವಿದ್ದ ಕಡೆಗೇ ತಳ್ಳುತ್ತಿದ್ದವು. ಲಾಯದ ಆಳು ದಿನವೂ ಅದರ ಗೊರಸು ತೊಳೆದು, ಕೆಸರಿನಿಂದಾದ ಹುಣ್ಣಿಗೆ ಬೇವಿನೆಣ್ಣೆ ಹಚ್ಚುತ್ತಿದ್ದ. ಕೊನೆಗೆ ತಡೆಯಲಾರದೆ ಬಾಯಿಬಿಟ್ಟ.

"ಧಣಿ, ಮೇಲುಗಡೆ ಕಲ್ಲುನೆಲ ಐತಲ್ಲ, ಹುರುಳೀನ ಅಲ್ಲಿ ಹತ್ತು ಕಡೆ ಹಾಕಾನ. ಕುದುರೆ ಇಲ್ಲಿ ನಿಲ್ಲದೇ ಇದ್ರೆ ಕೆಸರು ತಾನಾಗೇ ಆರತದೆ. ಇದು ಈಯೋ ದಿನಾನೂ ಹತ್ರ ಬಂತು."

"ಆ ದಿಣ್ಣೆ ಹತ್ತಿ ನಾನು ಇವನ್ನ ಹುಡುಕ್ಕೊಂಡು ಹೋಗಬೇಕೇನೋ?" ಎಂದ ಸಾಹುಕಾರ. "ಅವು ಬರಬೇಕಾದ್ದು ನನ್ನ ಹತ್ರ."

ಅದಾದ ಮೇಲೆ ಸಾಹುಕಾರ ನೆಂಟರ ಮದುವೆಗೆಂದು ಹದಿನೈದು ದಿನ ಊರುಬಿಟ್ಟ. ಆಳು ತಾನು ಹೇಳಿದ್ದನ್ನು ಮಾಡಿಯೇಬಿಟ್ಟ. ದಿಣ್ಣೆಯ ಮೇಲೆ ಹತ್ತು ಕಡೆ ಹುರುಳಿ ಹಾಕಿದ, ಯಾವ ಕುದುರೆಯೂ ಇನ್ನೊಂದನ್ನು ತಳ್ಳಲಿಲ್ಲ. ವಾರದಲ್ಲಿ ಬಾಗಿಲ ನೀರು ಇಂಗಿತು, ಮಣ್ಣು ಗಟ್ಟಿಯಾಯಿತು. ಗಬ್ಬದ ಕುದುರೆಯ ಹುಣ್ಣು ಮಾಯಿತು. ಧಣಿ ಬಂದು ನೋಡಿದರೆ ಎಷ್ಟು ಹಿಗ್ಗುತ್ತಾನೋ ಎಂದು ಆಳು ದಿನ ಎಣಿಸಿದ. ಪಾಪ, ಅವನಿಗೆ ಕುದುರೆಗಳ ಸ್ವಭಾವ ಗೊತ್ತಿದ್ದಷ್ಟು ಧಣಿಯ ಸ್ವಭಾವ ಗೊತ್ತಿರಲಿಲ್ಲ.

ಸಾಹುಕಾರ ಬಂದ, ಜೊತೆಗೆ ಬೀಗರೂ ಬಂದರು. ಬಾಗಿಲಲ್ಲಿ ಒಂದು ಕುದುರೆಯೂ ಇರಲಿಲ್ಲ. ದಿಣ್ಣೆಯ ಮೇಲೆ ಮೇಯುತ್ತಿದ್ದ ಒಂದು ಕುದುರೆ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಬೀಗರು ಮುಗುಳ್ನಕ್ಕರು. ಮೆಟ್ಟಿಗೆ ಕೆಸರು ತಾಗದೆ ಅಲ್ಲಿಯವರೆಗೆ ನಡೆದು ಬಂದದ್ದು ಸಾಹುಕಾರನಿಗೆ ತಿಳಿಯಲೇ ಇಲ್ಲ. ನನ್ನ ಕುದುರೆಗಳಿಗೆ ಏನು ಮಾಟ ಮಾಡಿದೆಯೋ ಎಂದು ಕೂಗಾಡಿ, ಆಳನ್ನು ಆಗಲೇ ಕೆಲಸದಿಂದ ಬಿಡಿಸಿದ. ಕುದುರೆ ಈಯುವವರೆಗಾದರೂ ಇರಗೊಡಿ ಎಂದು ಆಳು ಕಾಲು ಹಿಡಿದ. ಸಾಹುಕಾರ ಕೇಳಲಿಲ್ಲ.

ಹುರುಳಿ ಮತ್ತೆ ಬಾಗಿಲಿಗೆ ಬಂತು. ಮಳೆಯೂ ಮತ್ತೆ ಹಿಡಿಯಿತು. ಹತ್ತೇ ದಿನದಲ್ಲಿ ಮೊದಲಿನ ಕೆಸರು. ಒಂದು ಸಂಜೆ ಬಲವಾದ ಕುದುರೆಗಳು ತಳ್ಳಿದಾಗ ಗಬ್ಬದ ಕುದುರೆ ಎರಡು ಚಪ್ಪಡಿಗಳ ನಡುವೆ ಕಾಲು ಸಿಕ್ಕಿ ಬಿತ್ತು. ಮುಂಗಾಲು ಮುರಿಯಿತು. ಬೆಳಗಾಗುವಷ್ಟರಲ್ಲಿ ಅದೂ ಸತ್ತಿತು, ಹೊಟ್ಟೆಯ ಮರಿಯೂ ಸತ್ತಿತು.

ಸಾಹುಕಾರ ಅತ್ತ. ಆ ಅಳು ಸುಳ್ಳಲ್ಲ. ಮಳೆಯನ್ನು ಬೈದ. ಅಷ್ಟು ಪ್ರೀತಿಯಿಂದ ಹಾಕಿದರೂ ಈ ಪ್ರಾಣಿಗಳಿಗೆ ತಾಳ್ಮೆಯಿಲ್ಲವಲ್ಲ ಎಂದು ಕುದುರೆಗಳನ್ನೂ ಬೈದ. ಅಂದು ಇಳಿಹೊತ್ತಿಗೆ ಹುರುಳಿ ಹೊರಿಸಿಕೊಂಡು ಬಾಗಿಲಿಗೆ ಬಂದ. ಹತ್ತೊಂಬತ್ತು ಕುದುರೆಗಳು ಕೆಸರಿನಲ್ಲಿ ನಿಂತು ಕೆನೆದವು. ಅವನಿಗೆ ಸ್ವಲ್ಪ ಸಮಾಧಾನವಾಯಿತು.

ಗುರು ಮಾತು ನಿಲ್ಲಿಸಿ ಮತ್ತೆ ಕತ್ತಿ ಎತ್ತಿಕೊಂಡರು.

"ಎಂಥ ಕಟುಕ!" ಎಂದ ಚನ್ನವೀರ. ಅವನ ಕಣ್ಣು ತುಂಬಿತ್ತು. "ಕಣ್ಣೆದುರೇ ದಾರಿಯಿತ್ತಲ್ಲ. ಆ ಆಳಿನ ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?"

ಗುರು ತಲೆಯೆತ್ತದೆ ಕೇಳಿದರು: "ಎಂಟು ವರ್ಷದಲ್ಲಿ ಆ ಕಷಾಯ ಕಾಸುವುದನ್ನು ನೀನು ಯಾರಿಗೆ ಕಲಿಸಿದ್ದೀಯಪ್ಪ?"