ಬೇಕರಿಯವನ ಜಾಡಿ

“ಗುರುಗಳೇ, ಮಣ್ಣಿನ ಕೆಲಸ ಕಲಿತವನು ಅಂತ ಯಾರನ್ನು ಕರೆಯಬೇಕು? ಚಕ್ರದ ಮೇಲೆ ಎತ್ತರದ ಮಡಕೆ ಎಳೆದವನನ್ನೋ, ತೆಳ್ಳಗಿನದನ್ನು ಎಳೆದವನನ್ನೋ?”

ಇದನ್ನು ಕೇಳಿದ ಶಿಷ್ಯ ತಿರುಗುವುದು ನಿಂತ ತಿಗರಿಯ ಮುಂದೆ ಕೂತಿದ್ದ. ಕಾಲೇಜಿನ ಪ್ರದರ್ಶನದಲ್ಲಿ ಅವನ ಗೆಳೆಯನ ಹೂದಾನಿಗೆ ಬಹುಮಾನ ಬಂದಿತ್ತು, ಇವನದಕ್ಕೆ ಬಂದಿರಲಿಲ್ಲ. ಗುರುಗಳಿಗೆ ಅದು ಗೊತ್ತಿತ್ತು. ಆ ಮಾತು ಎತ್ತಲಿಲ್ಲ. “ಕೈ ತೊಳೆದುಕೊಂಡು ಬಾ,” ಎಂದರು. ಅವನು ಬಂದು ಕೂತ ಮೇಲೆ ಈ ಕತೆ ಹೇಳಿದರು.

ಒಂದು ಕಾಲೇಜಿನಲ್ಲಿ ಹೊರಗಿನವರಿಗೂ ಸಂಜೆ ಹೊತ್ತು ಕುಂಬಾರಿಕೆ ಕಲಿಸುತ್ತಿದ್ದರು. ಅಲ್ಲಿಗೆ ಒಬ್ಬ ಬೇಕರಿಯವನು ಸೇರಿದ. ಐವತ್ತು ದಾಟಿದವನು. ಚಿಕ್ಕಂದಿನಿಂದ ಹಿಟ್ಟು ನಾದಿದ ಕೈ. ಈ ವಯಸ್ಸಿನಲ್ಲಿ ಇದೇಕೆ ಎಂದು ಯಾರಾದರೂ ಕೇಳಿದರೆ ಅವನು ಹೇಳುತ್ತಿದ್ದುದು ಇಷ್ಟೇ: “ನಾನು ಮಾಡಿದ್ದೆಲ್ಲ ಸಂಜೆಯೊಳಗೆ ಜನ ತಿಂದು ಮುಗಿಸ್ತಾರೆ. ಒಂದಾದರೂ ಉಳಿಯೋ ಅಂಥದ್ದು ಮಾಡ್ಬೇಕು ಅಂತ.”

ಹಿಟ್ಟು ಬಲ್ಲ ಕೈಗೆ ಮಣ್ಣು ಸುಲಭ ಎಂದು ಅವನು ತಿಳಿದಿದ್ದ. ಉಳಿದವರೂ ಹಾಗೆಯೇ ತಿಳಿದರು. ಆದದ್ದು ಬೇರೆ. ಹಿಟ್ಟು ನಾದುವವನು ಮಡಿಚಿ ಮಡಿಚಿ ಒಳಗೆ ಗಾಳಿ ಸೇರಿಸುತ್ತಾನೆ. ಗಾಳಿ ಇದ್ದರೆ ಬ್ರೆಡ್ ಹಗುರ. ಮಣ್ಣು ನಾದುವವನು ಒತ್ತಿ ಒತ್ತಿ ಗಾಳಿಯನ್ನು ಹೊರಗೆ ಹಾಕಬೇಕು. ಗಾಳಿ ಉಳಿದರೆ ತಿಗರಿಯ ಮೇಲೆ ಮಡಕೆಯ ಗೋಡೆ ಸೊಟ್ಟಗಾಗುತ್ತದೆ. ಇದು ಅವನ ತಲೆಗೆ ಮೊದಲ ದಿನವೇ ತಿಳಿಯಿತು. ಕೈಗೆ ತಿಳಿಯಲಿಲ್ಲ. ತಲೆ ಬೇಡವೆಂದರೂ ಕೈ ಮಡಿಚುತ್ತಿತ್ತು.

ಕಲಿಸುತ್ತಿದ್ದ ಮೇಡಂ ಅವನ ಮಣ್ಣಿನ ಮುದ್ದೆಯನ್ನು ತಂತಿಯಿಂದ ಸೀಳಿ ತೋರಿಸಿದರು. ಒಳಗೆಲ್ಲ ತೂತು.

“ಇದಕ್ಕೆ ಬೆಣ್ಣೆ ಹಚ್ಚಿ ತಿನ್ನಬಹುದು,” ಎಂದರು, “ಮಡಕೆ ಮಾಡೋಕಾಗಲ್ಲ.”

ಅವನು ನಗಲಿಲ್ಲ, ಬೇಸರಪಟ್ಟುಕೊಳ್ಳಲೂ ಇಲ್ಲ. ಮುದ್ದೆಯನ್ನು ಎತ್ತಿಕೊಂಡು ಮತ್ತೆ ನಾದಲು ನಿಂತ. ಅವನ ಪಕ್ಕದಲ್ಲಿ ಕಲಿಯುತ್ತಿದ್ದವಳು ಕಾನೂನು ಓದುವ ಒಬ್ಬ ಹುಡುಗಿ. ಅವಳಿಗೆ ಅವನನ್ನು ರೇಗಿಸದಿದ್ದರೆ ಸಮಾಧಾನವಿಲ್ಲ.

“ಅಂಕಲ್, ಇವತ್ತು ಬ್ರೆಡ್ಡೋ ಖಾರಾ ಬನ್ನೋ?”

“ನಿನ್ನ ಬಟ್ಟಲು ನೋಡಿದ್ರೆ ಬನ್ನೇ ವಾಸಿ ಕಣಮ್ಮ,” ಎಂದ ಅವನು. “ಅದರಲ್ಲಿ ಟೀ ಅಂತೂ ನಿಲ್ಲಲ್ಲ.”

ಆ ಕಾಲೇಜಿನಲ್ಲಿ ಒಂದು ನಿಯಮವಿತ್ತು. ಅವಧಿ ಮುಗಿಯುವಾಗ ಸುಟ್ಟ ಪಾತ್ರೆ ಒಂದನ್ನಾದರೂ ಮೇಜಿನ ಮೇಲೆ ಇಟ್ಟವರಿಗೆ ಮಾತ್ರ ಮುಂದಿನ ತರಗತಿ. ಮೊದಲ ತರಗತಿಗೆ ಯಾರೂ ಎರಡು ಸಲಕ್ಕಿಂತ ಹೆಚ್ಚು ಸೇರುವಂತಿಲ್ಲ. ಕಾದು ನಿಂತವರು ಬಹಳ ಮಂದಿ ಇದ್ದರು, ತಿಗರಿಗಳು ಕಡಿಮೆ. ನಿಯಮ ಸರಿಯಾಗಿಯೇ ಇತ್ತು.

ಮೊದಲ ಸಲ ಬೇಕರಿಯವನ ಹತ್ತಿರ ಇಡಲು ಏನೂ ಇರಲಿಲ್ಲ. ಅವನು ಎರಡನೆಯ ಸಲ ಸೇರಿದ.

ಈ ಸಲ ಅವನು ಬಹಳ ದಿನ ತಿಗರಿಯ ಹತ್ತಿರ ಹೋಗಲೇ ಇಲ್ಲ. ನಾದುವುದನ್ನೇ ಕಲಿತ. ಬೆಳಗ್ಗೆ ಬೇಕರಿಯಲ್ಲಿ ಗಾಳಿ ಸೇರಿಸುವ ಕೈ, ಸಂಜೆ ಇಲ್ಲಿ ಗಾಳಿ ತೆಗೆಯುವ ಕೈ. ಒಂದೇ ದಿನದಲ್ಲಿ ಎರಡು ಕೈಯಾಗಿ ಬದುಕುವುದು ಸಣ್ಣ ಮಾತಲ್ಲ. ಪ್ರಯತ್ನಿಸಿ ನೋಡಿದವನಿಗೆ ಗೊತ್ತು. ಕೊನೆಗೊಂದು ಸಂಜೆ ಮೇಡಂ ಅವನ ಮುದ್ದೆಯನ್ನು ಸೀಳಿದರು. ಒಳಗೆ ಒಂದು ತೂತೂ ಇರಲಿಲ್ಲ. ಅವರು ತಿಗರಿಯ ಕಡೆ ಕೈ ತೋರಿಸಿದರು.

ಅವಧಿಯ ಕೊನೆಗೆ ಅವನು ಒಂದು ಜಾಡಿ ಎಳೆದ. ಉಪ್ಪಿನಕಾಯಿ ಹಾಕಿಡುವಂಥ, ಭುಜ ಅಗಲವಾದ ಜಾಡಿ. ಹುಡುಗಿ ಅದರ ಸುತ್ತ ಒಂದು ಸುತ್ತು ಬಂದಳು. ಅಂದು ಅವನನ್ನು ರೇಗಿಸದೆ ತನ್ನ ತಿಗರಿಗೆ ವಾಪಸು ಹೋದಳು.

ಮರುದಿನ ಜಾಡಿಯನ್ನು ಕವುಚಿ ಹಾಕಿ ತಳ ಕೆರೆದು ತೆಳ್ಳಗೆ ಮಾಡಬೇಕಿತ್ತು. ಕೆರೆಯುವಾಗ ಅವನಿಗೆ ಅಂಜಿಕೆಯಾಯಿತು. ಒಂದು ಗೀರು ಆಳವಾದರೆ ತಳಕ್ಕೆ ತೂತು. ಅವನು ಕೈ ಹಿಂದೆ ತೆಗೆದ. ತಳ ದಪ್ಪವಾಗಿಯೇ ಉಳಿಯಿತು.

ಸುಡುವ ದಿನ ಬಂತು. ಮೇಡಂ ಎಲ್ಲರ ಪಾತ್ರೆಗಳನ್ನೂ ಮುಟ್ಟಿ ನೋಡಿ, ಒಣಗಿವೆ ಎಂದು, ಮಡಕೆ ಸುಡುವ ಕರೆಂಟಿನ ಒಲೆಯಾದ ಆವಿಗೆಯೊಳಗೆ ಜೋಡಿಸಿದರು. ಬೇಕರಿಯವನ ಜಾಡಿಯ ಪಕ್ಕದಲ್ಲಿ ಹುಡುಗಿಯ ಬಟ್ಟಲು ಬಂತು. ಆ ಅವಧಿಯಲ್ಲಿ ಅವಳ ಕೈಯಲ್ಲಿ ಉಳಿದದ್ದು ಅದೊಂದೇ. ಮರುದಿನದಿಂದ ಆ ಕೋಣೆಯನ್ನು ಕಾಲೇಜಿನ ಪರೀಕ್ಷೆಗೆ ಬಿಟ್ಟುಕೊಡಬೇಕಿತ್ತು. ಬೆಂಕಿ ಆ ದಿನವೇ ಏರಬೇಕು. ಅಷ್ಟರಲ್ಲಿ ಪ್ರಿನ್ಸಿಪಾಲರಿಂದ ಕರೆ ಬಂತು. “ಮುಚ್ಚಳ ಹಾಕಿ ಸ್ವಿಚ್ ಒತ್ತಿಬಿಡಿ. ಒಲೆ ವಿಷಯ ನಿಮಗೇನು ಹೇಳಿಕೊಡೋದು,” ಎಂದು ಬೇಕರಿಯವನಿಗೆ ಹೇಳಿ ಮೇಡಂ ಹೋದರು. ಉಳಿದವರೂ ಮನೆಗೆ ಹೊರಟರು.

ಮುಚ್ಚಳ ಹಾಕುವ ಮುಂಚೆ ಅವನು ತನ್ನ ಜಾಡಿಯನ್ನು ಇನ್ನೊಮ್ಮೆ ಎತ್ತಿದ. ಆಸೆಗೆ ಎತ್ತಿದ್ದು, ಒಣಗಿದೆಯೋ ಎಂದು ನೋಡಲಿಕ್ಕಲ್ಲ. ಎತ್ತಿದವನು, ಮೊದಲ ದಿನ ಹೇಳಿಕೊಟ್ಟಿದ್ದ ಹಾಗೆ, ಅದರ ತಳವನ್ನು ಕೆನ್ನೆಗೆ ತಾಗಿಸಿದ. ಒಣಗಿದ ಮಣ್ಣು ಕೆನ್ನೆಗೆ ಏನೂ ಅನ್ನಿಸುವುದಿಲ್ಲ. ನೀರಿರುವ ಮಣ್ಣು ತಣ್ಣಗಿರುತ್ತದೆ. ಜಾಡಿಯ ದಪ್ಪ ತಳ ತಣ್ಣಗಿತ್ತು.

ಬೆಂಕಿಯಲ್ಲಿ ನೀರು ಏನು ಮಾಡುತ್ತದೆ ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ. ಹಿಟ್ಟಿನೊಳಗಿನ ನೀರು ಆವಿಯಾಗಿ ಬ್ರೆಡ್ಡನ್ನು ಉಬ್ಬಿಸುತ್ತದೆ. ಮಣ್ಣು ಉಬ್ಬುವುದಿಲ್ಲ. ಅದು ಸಿಡಿಯುತ್ತದೆ. ಸಿಡಿದ ಚೂರು ಪಕ್ಕದ್ದನ್ನೂ ಒಡೆಯುತ್ತದೆ. ಸಿಡಿಯದೆಯೂ ಇರಬಹುದು. ಎಷ್ಟೋ ಸಲ ಸಿಡಿಯುವುದಿಲ್ಲ. ಎರಡು ದಿನ ಬಿಸಿಲಿಗಿಟ್ಟರೆ ಅನುಮಾನವೇ ಇರುತ್ತಿರಲಿಲ್ಲ, ಆ ಎರಡು ದಿನ ಇರಲಿಲ್ಲ.

ಇಲ್ಲಿ ಅವನು ಒಂದು ಮಾತು ಅಂದುಕೊಳ್ಳಬಹುದಿತ್ತು: ಮೇಡಂ ನೋಡಿ ಸರಿ ಎಂದಿದ್ದಾರೆ, ಹೆಚ್ಚುಕಡಿಮೆಯಾದರೆ ಹೊಣೆ ಅವರದು. ಹಾಗೆ ಅಂದುಕೊಂಡು ಮುಚ್ಚಳ ಹಾಕಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಓದಿದವರು, ಒಳ್ಳೆಯ ಹೆಸರಿನವರು.

ಅವನು ಜಾಡಿಯನ್ನು ಕೆಳಗಿಟ್ಟ. ಉಳಿದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಕೆನ್ನೆಗೆ ತಾಗಿಸಿ ನೋಡಿದ. ಹುಡುಗಿಯ ಬಟ್ಟಲನ್ನು ಸ್ವಲ್ಪ ನಡುವಿಗೆ ಸರಿಸಿದ. ಮುಚ್ಚಳ ಹಾಕಿ ಸ್ವಿಚ್ ಒತ್ತಿದ.

ಸುಡದ ಮಣ್ಣನ್ನು ಅಲ್ಲಿಂದ ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಅದು ಮುಂದೆ ಬರುವವರ ಮಣ್ಣು. ಮೂಲೆಯಲ್ಲಿ ನೀರಿನ ತೊಟ್ಟಿ ಇತ್ತು. ಅವನು ಜಾಡಿಯನ್ನು ಒಡೆದು ಅದರಲ್ಲಿ ಹಾಕಿದ. ಚೂರುಗಳು ಕರಗತೊಡಗಿದ ಮೇಲೆ ಕೈ ಒರೆಸಿಕೊಂಡು ಹೋದ.

ಆವಿಗೆ ತೆರೆದ ದಿನ ಒಂದು ಪಾತ್ರೆಗೂ ಏನೂ ಆಗಿರಲಿಲ್ಲ. ಹುಡುಗಿ ತನ್ನ ಬಟ್ಟಲಿಗೆ ನೀರು ಹಾಕಿ ಮೇಜಿನ ಮೇಲೆ ಇಟ್ಟು, ಸೋರುವುದಿಲ್ಲವೆಂದು ಎಲ್ಲರಿಗೂ ತೋರಿಸಿದಳು. ಮೇಡಂ ಬೇಕರಿಯವನನ್ನು ಕೇಳಿದರು:

“ನಿಮ್ಮ ಜಾಡಿ ಎಲ್ಲಿ?”

“ಹಸಿ ಇತ್ತು ಮೇಡಂ. ತೆಗೆದೆ.”

“ನಾನೇ ಮುಟ್ಟಿ ನೋಡಿದ್ದೆನಲ್ಲ.”

“ನೀವು ಮುಟ್ಟಿದ್ದು ಭುಜ. ತಳ ದಪ್ಪ ಬಿಟ್ಟಿದ್ದು ನಾನು. ಅದು ನನಗೆ ಗೊತ್ತಿತ್ತು.”

ಹುಡುಗಿ ಬಟ್ಟಲಿನ ನೀರು ಚೆಲ್ಲಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು.

“ನಿಯಮ ಮುರಿದು ನಿಮಗೆ ಜಾಗ ಕೊಡೋಕೆ ನನಗೆ ಆಗಲ್ಲ,” ಎಂದರು ಮೇಡಂ.

“ಕೇಳಲಿಲ್ಲವಲ್ಲ ಮೇಡಂ ನಾನು.”

“ಆದರೆ ಆವಿಗೆ ತುಂಬೋಕೆ ನನಗೊಬ್ಬರು ಬೇಕು. ತಿಗರಿ ಸಿಗಲ್ಲ, ಸಂಬಳವೂ ಇಲ್ಲ. ಇನ್ನೊಬ್ಬರ ಮಡಕೆ ಎತ್ತಿಡೋ ಕೆಲಸ ಅಷ್ಟೇ. ಬರ್ತೀರಾ?”

ಅವನು ಸ್ವಲ್ಪ ಯೋಚಿಸಿದ.

“ಮಧ್ಯಾಹ್ನದ ಬ್ರೆಡ್ ಇಳಿಸಿ ಬರ್ತೀನಿ,” ಎಂದ.

ಆ ಕಾಲೇಜಿನಲ್ಲಿ ಈಗಲೂ ಆವಿಗೆ ತುಂಬುವವನು ಅವನೇ. ಮುಂದಿನ ತರಗತಿಯವರು, ಅವರಿಗಿಂತ ಮುಂದಿನವರು, ಹೊರದೇಶದಲ್ಲಿ ಪ್ರದರ್ಶನ ಮಾಡಿ ಬಂದವರು ಕೂಡ ತಮ್ಮ ಪಾತ್ರೆ ತಂದು ಅವನ ಮುಂದಿಟ್ಟು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಅವನು ಒಂದೊಂದನ್ನೂ ಕೆನ್ನೆಗೆ ತಾಗಿಸುತ್ತಾನೆ. ಅವನು ಬೇಡವೆಂದು ತಲೆಯಾಡಿಸಿದರೆ ಯಾರೂ ಎದುರಾಡುವುದಿಲ್ಲ. ಆ ಊರಿನಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ಇಂದು ಇರುವ ಪಾತ್ರೆಗಳು ಅವನ ಕೈ ದಾಟಿ ಬಂದವು. ಅವನು ಎಳೆದದ್ದು ಅವುಗಳಲ್ಲಿ ಒಂದೂ ಇಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೆ ಒಂದು ಸಂಶಯ ಉಳಿದಿತ್ತು.

“ಗುರುಗಳೇ, ಒಳಗೇ ಬಿಟ್ಟಿದ್ದರೆ ಆ ಜಾಡಿ ನಿಜವಾಗಿಯೂ ಸಿಡಿಯುತ್ತಿತ್ತೇ? ಅವನು ಸುಮ್ಮನೆ ಕಳೆದುಕೊಂಡನೋ ಏನೋ.”

“ಯಾರಿಗೂ ಗೊತ್ತಿಲ್ಲ,” ಎಂದರು ಗುರುಗಳು, “ಗೊತ್ತುಮಾಡಿಕೊಳ್ಳಬೇಕಾದರೆ ಆ ಹುಡುಗಿಯ ಬಟ್ಟಲನ್ನು ಪಣಕ್ಕಿಡಬೇಕಿತ್ತು.”