ಹುಟ್ಟು ಹಾಕುವವರ ಬೆನ್ನು

ಶಿಷ್ಯೆ ಕೇಳಿದಳು: “ಅಮ್ಮಾ, ಗುರುವಿನ ಋಣ ತೀರುವುದು ಹೇಗೆ?”

ಗುರುಮಾತೆ ಹೇಳಿದರು:

ಉತ್ತರ ಧ್ರುವದ ಕಡೆಯ ಸಮುದ್ರ. ಅಲ್ಲಿಯ ಪ್ರಾಣಿಗಳನ್ನು ನೋಡಬಯಸುವವರನ್ನು ಕರೆದೊಯ್ಯುವ ಒಂದು ಸಣ್ಣ ಹಡಗು ಮಂಜಿನಲ್ಲಿ ದಾರಿ ತಪ್ಪಿತ್ತು. ಎದುರಿಗೆ ದೋಣಿಯಲ್ಲಿ ಒಬ್ಬ ಮೀನುಗಾರ ಬಂದ. ಹಡಗಿನಲ್ಲಿದ್ದ ಒಬ್ಬ ಮುದುಕಿ ಬಗ್ಗಿ, ವಾಲ್ರಸ್‌ಗಳು ಮಲಗುವ ಕೊಲ್ಲಿ ಎಲ್ಲಿ ಎಂದು ಕೇಳಿದಳು. ವಾಲ್ರಸ್ ಎಂದರೆ ಆನೆಯಂತೆ ಕೋರೆ, ಅಜ್ಜನಂತೆ ಮೀಸೆ ಇರುವ ಕಡಲ ಪ್ರಾಣಿ. ಗಾಳಿ ಬರುವ ಕಡೆಗೆ ಮೂಗು ಒಡ್ಡಿ, ನಾತದ ಜಾಡು ಹಿಡಿಯಿರಿ ಎಂದು ಹೇಳಿ ಮೀನುಗಾರ ಹೊರಟುಹೋದ.

“ಇಷ್ಟೆಲ್ಲ ಯಂತ್ರ ಇಟ್ಟುಕೊಂಡು ನಿಮ್ಮ ಮೂಗನ್ನು ನಂಬಬೇಕೇ, ಅಜ್ಜಿ?” ಎಂದು ಕಪ್ತಾನ ನಕ್ಕ. ನಕ್ಕರೂ ಹಡಗು ತಿರುಗಿಸಿದ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಲ್ಲಿ ಮೀನು ಕೊಳೆಯಲು ಬಿಟ್ಟಂಥ ನಾತ ಬಂತು. ಎಲ್ಲರೂ ಮೂಗು ಮುಚ್ಚಿದರು. ಮುದುಕಿಯ ಕಣ್ಣು ತುಂಬಿತು.

ಪ್ರಾಯದಲ್ಲಿ ಅವಳು ಅಲ್ಲಿಗೆ ಬಂದಿದ್ದಳು. ಒಬ್ಬ ಮುದಿ ಅಂಬಿಗ ಹುಟ್ಟುಗಳಿಗೆ ಬಟ್ಟೆ ಸುತ್ತಿ, ಸದ್ದಿಲ್ಲದೆ ದೋಣಿ ನಡೆಸಿ, ಮರಿಗಳನ್ನು ತಬ್ಬಿ ಮಲಗಿದ ತಾಯಂದಿರನ್ನು ತೋರಿಸಿದ್ದ. ಅವು ಬೆಚ್ಚಿದರೆ ಒಮ್ಮೆಗೇ ನೀರಿಗೆ ಉರುಳುತ್ತವೆ, ಮರಿಗಳು ಅಡಿಗೆ ಸಿಕ್ಕಿ ಸಾಯುತ್ತವೆ. ಹುಟ್ಟು ಹಾಕುವವನು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಅವನು ಒಮ್ಮೆಯೂ ತಿರುಗಲಿಲ್ಲ. ನಿಮಗೆ ನೋಡಬೇಕು ಅನ್ನಿಸುವುದಿಲ್ಲವೇ ಎಂದು ಅವಳು ಪಿಸುಗುಟ್ಟಿದ್ದಳು. ನೋಡುತ್ತಲೇ ಇದ್ದೇನಲ್ಲ ಎಂದಿದ್ದ. ಮುದುಕನಿಗೆ ಅರಳುಮರುಳು ಎಂದುಕೊಂಡಳು. ಇಳಿಯುವಾಗ, ಈ ಋಣ ಹೇಗೆ ತೀರಿಸಲಿ ಎಂದು ಕೇಳಿದಳು. ಹುಟ್ಟು ಹಾಕುವುದನ್ನು ಕಲಿ ಎಂದ.

ಅವಳು ಒಂದು ಕಡೆ ನಿಲ್ಲುವವಳಲ್ಲ. ಹೋದ ದೇಶದ ಹೊಳೆಯಲ್ಲೆಲ್ಲ ಹುಟ್ಟು ಹಾಕಿದಳು. ಆದರೆ ಎಲ್ಲಿ ಹೋದರೂ ಆ ಕೊಲ್ಲಿಯೇ ಕಣ್ಣಿಗೆ ಕಟ್ಟುತ್ತಿತ್ತು. ಸಾಯುವ ಮೊದಲು ಇನ್ನೊಮ್ಮೆ ನೋಡಬೇಕು ಎಂದೇ ಈಗ ಬಂದಿದ್ದಳು.

ಎಂಜಿನ್ ಸದ್ದು ಬೇಡ ಎಂದು ಅವಳು ಹಟ ಹಿಡಿದಳು. ಕಪ್ತಾನ ಲಂಗರು ಹಾಕಿಸಿ, ಹಡಗನ್ನು ಸಹಾಯಕನಿಗೆ ಒಪ್ಪಿಸಿ, ಇಬ್ಬರಿಗಷ್ಟೇ ಜಾಗವಿದ್ದ ಪುಟ್ಟ ದೋಣಿ ಇಳಿಸಿದ. ಮೊದಲು ದಾರಿ ಸರಿಯಿದೆಯೇ ನೋಡೋಣ, ಆಮೇಲೆ ಉಳಿದವರು ಎಂದ. ಅವನೇ ಹುಟ್ಟು ಹಿಡಿದ. ಮುದುಕಿ ಮುಂದಕ್ಕೆ ಮುಖ ಮಾಡಿ, ತಲೆವಸ್ತ್ರ ಬಿಗಿದು ಕೂತಳು.

ಎಂಜಿನ್ ಕಾಲದ ಕಪ್ತಾನ. ಹುಟ್ಟು ನೀರಿಗೆ ಬಡಿಯಿತು. ಮಂಜಿನ ಆಚೆ ಏನೋ ಗುಟುರು ಹಾಕಿತು. ಇನ್ನೊಮ್ಮೆ ಬಡಿದರೆ ಮರಿಗಳು ಉಳಿಯುವುದಿಲ್ಲ.

ಮುದುಕಿ ಮುಂದಿನ ಮಂಜಿನತ್ತ ಒಮ್ಮೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ಏಳಪ್ಪಾ. ನನ್ನ ಜಾಗದಲ್ಲಿ ಕೂತುಕೋ.”

ತಲೆವಸ್ತ್ರ ಹರಿದು ಹುಟ್ಟುಗಳಿಗೆ ಸುತ್ತಿದಳು. ಬೆನ್ನು ಹಾಕಿ ಕೂತಳು. ಅವನು ಬೆರಳಿನಿಂದ ದಾರಿ ತೋರಿಸಿದ, ಅವಳು ನಡೆಸಿದಳು. ಒಮ್ಮೆಲೇ ಮಂಜು ಸರಿಯಿತು. ಎದುರಿಗಿದ್ದ ಅವನ ಕಣ್ಣರಳಿತು, ಬೆರಳು ಗಾಳಿಯಲ್ಲೇ ನಿಂತಿತು. ಅಷ್ಟು ವರ್ಷ ಹಂಬಲಿಸಿದ್ದು ಅವಳ ಬೆನ್ನ ಹಿಂದೆಯೇ ಉಸಿರಾಡುತ್ತಿತ್ತು. ತಿರುಗಿದರೆ ದೋಣಿ ವಾಲಿ ಹುಟ್ಟು ಬಡಿಯುತ್ತದೆ. ಅವಳು ತಿರುಗಲಿಲ್ಲ. ಅವನು ಕಣ್ತುಂಬ ನೋಡುವವರೆಗೆ ದೋಣಿಯನ್ನು ಅಲುಗದಂತೆ ಹಿಡಿದಿದ್ದಳು. ಆಮೇಲೆ ಅವನನ್ನು ಹಡಗಿಗೆ ಮರಳಿಸಿ, ಹುಟ್ಟುಗಳನ್ನು ಅವನ ಕೈಗೆ ಕೊಟ್ಟಳು. ಅವಳ ಋಣ ತೀರಿತು.

ಶಿಷ್ಯೆ ಕಣ್ಣರಳಿಸಿ ಕೇಳುತ್ತಿದ್ದಳು. “ಪಾಪ, ಅಮ್ಮಾ. ಅಷ್ಟು ದೂರ ಹೋಗಿ ಅವಳು ಕಂಡದ್ದಾದರೂ ಏನು?”

“ಈಗ ನಾನು ಕಾಣುತ್ತಿದ್ದೇನಲ್ಲ, ಇಂಥದೇ ಒಂದು ಮುಖ,” ಎಂದರು ಗುರುಮಾತೆ.