ಹಾರುವವನ ಭಯ

ನದಿಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ನೀಲಮ್ಮನವರು ಅಲ್ಲಿ ಬಹಳ ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವರು. ಮಕ್ಕಳು ಬರುವುದು ನಿಂತ ಮೇಲೆ ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿದರು.

ಗುಂಪಿನಲ್ಲಿ ಮೂವತ್ತೇಳು ಜನ. ಎಲ್ಲರೂ ದೊಡ್ಡವರು, ಬೇರೆ ಬೇರೆ ಊರಿನವರು. ಅವರೆಲ್ಲ ಸೇರಿ ವಜ್ರನಗರ ಎಂಬ ಇಲ್ಲದ ಊರಿನ ಕಥೆ ಬರೆಯುತ್ತಿದ್ದರು. ಆ ಊರಿನಲ್ಲಿ ಒಬ್ಬೊಬ್ಬರದೂ ಒಂದೊಂದು ಸೂಪರ್‌ಹೀರೊ ಪಾತ್ರ. ಒಬ್ಬರು ತಮ್ಮ ಪಾತ್ರದ ನಾಲ್ಕು ಸಾಲು ಬರೆದರೆ ಇನ್ನೊಬ್ಬರು ತಮ್ಮ ಪಾತ್ರದಿಂದ ಮುಂದುವರಿಸುವರು. ಕಥೆ ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ನೀಲಮ್ಮನವರಿಗೂ.

ಸೇರಬೇಕೆನ್ನುವವರು ಅವರಿಗೆ ಮೂರೇ ಮೂರು ವಿಷಯ ಬರೆದು ಕಳಿಸಬೇಕಿತ್ತು. ಪಾತ್ರದ ಹೆಸರು, ಶಕ್ತಿ, ದೌರ್ಬಲ್ಯ.

ಹೊಳೆಯಾಚೆಯ ಊರಿನ ಕೊಟ್ರೇಶನೂ ಬರೆದು ಕಳಿಸಿದ. ಅವನು ಕರೆಂಟಿನ ಲೈನ್‌ಮನ್. ಪಾತ್ರದ ಹೆಸರು ಮುಗಿಲ. ಆಕಾಶದಲ್ಲಿ ಹಾರುತ್ತಾನೆ, ಗುಂಡು ತಾಗುವುದಿಲ್ಲ, ಬೆಂಕಿ ಸುಡುವುದಿಲ್ಲ. ಹೀಗೆ ಶಕ್ತಿಯೇ ಒಂದೂವರೆ ಪುಟ. ದೌರ್ಬಲ್ಯದ ಜಾಗ ಖಾಲಿ.

ಅದು ವಾಪಸ್ ಬಂತು.

ಭಾನುವಾರ ಅವನೇ ಸೇತುವೆ ದಾಟಿ ಆಶ್ರಮಕ್ಕೆ ಹೋದ. ನೀಲಮ್ಮನವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಅಮ್ಮಾ, ನನ್ನ ಮುಗಿಲನನ್ನ ಯಾಕೆ ವಾಪಸ್ ಕಳಿಸಿದಿರಿ?"

"ದೌರ್ಬಲ್ಯ ಬರೆದಿಲ್ಲ."

"ಅವನಿಗೆ ಯಾವುದೂ ಇಲ್ಲ."

"ಹಾಗಾದರೆ ಅವನು ಮನೆಯಲ್ಲಿ ಆರಾಮಾಗಿರಲಿ ಬಿಡು. ಕಥೆಯೊಳಗೆ ಬಂದು ಏನು ಮಾಡುತ್ತಾನೆ?"

ಕೊಟ್ರೇಶ ಮನೆಗೆ ಹೋಗಿ ಯೋಚಿಸಿದ. ಮುಂದಿನ ಭಾನುವಾರ ಬರೆದುಕೊಂಡು ಬಂದ. ದೂರದ ನಕ್ಷತ್ರದಿಂದ ಬಿದ್ದ ಕಪ್ಪು ಕಲ್ಲೊಂದಿದೆ, ಅದು ಹತ್ತಿರ ಬಂದರೆ ಮುಗಿಲನ ಶಕ್ತಿ ಉಡುಗುತ್ತದೆ.

ನೀಲಮ್ಮನವರು ಕನ್ನಡಕ ಏರಿಸಿ ಓದಿದರು.

"ಇದು ಕಲ್ಲಿನ ಶಕ್ತಿ. ನಾನು ಕೇಳಿದ್ದು ಮುಗಿಲನ ದೌರ್ಬಲ್ಯ."

ಮೂರನೆಯ ಸಲ ಅವನು ಬಹಳ ಹೊತ್ತು ಕೂತು ಬರೆದ. ಮುಗಿಲನಿಗೆ ಕರುಣೆ ಜಾಸ್ತಿ, ಅದೇ ಅವನ ದೌರ್ಬಲ್ಯ.

ನೀಲಮ್ಮನವರು ನಕ್ಕೇಬಿಟ್ಟರು. "ಹೊಗಳಿಕೆಗೆ ಅಂತ ನಾನು ಜಾಗ ಇಟ್ಟಿಲ್ಲವಲ್ಲಪ್ಪ."

ಕೊಟ್ರೇಶನಿಗೆ ಸಿಟ್ಟು ಬಂತು. ಚಪ್ಪಲಿ ಮೆಟ್ಟಿಕೊಂಡು ಹೊರಟವನು ಗೇಟಿನ ತನಕ ಹೋಗಿ ನಿಂತ. ಸ್ವಲ್ಪ ಹೊತ್ತು ಹೊಳೆ ನೋಡಿದ. ಆಮೇಲೆ ತಿರುಗಿ ಬಂದು, ಅದೇ ಹಾಳೆಯ ಹಿಂದೆ, ನಿಂತುಕೊಂಡೇ ಬರೆದುಕೊಟ್ಟ.

ಎತ್ತರ ಅಂದರೆ ಭಯ. ಭಯ ಹೊಕ್ಕರೆ ಹಾರಲು ಬರುವುದಿಲ್ಲ.

ಅದು ಅವನದೇ ಭಯ. ಎರಡು ವರ್ಷದ ಹಿಂದೆ ಕಂಬದ ಮೇಲೆ ಕಾಲು ಜಾರಿ ಸೊಂಟಕ್ಕೆ ಕಟ್ಟಿದ್ದ ಬೆಲ್ಟಿನಲ್ಲಿ ನೇತಾಡಿದ್ದ. ಪೆಟ್ಟೇನೂ ಆಗಿರಲಿಲ್ಲ. ಆದರೆ ಅಂದಿನಿಂದ ಕಂಬಕ್ಕೆ ಕೈ ಹಚ್ಚಿದರೆ ಬೆವರುತ್ತಿದ್ದ. ಇವತ್ತು ಸೊಂಟ ನೋವು, ಇವತ್ತು ತಲೆ ಸುತ್ತು ಎನ್ನುತ್ತ ಜೊತೆಗಾರ ಹನುಮಂತಪ್ಪನನ್ನೇ ಹತ್ತಿಸುತ್ತಿದ್ದ. ಹೆಂಡತಿಗೂ ಹೇಳಿರಲಿಲ್ಲ.

ನೀಲಮ್ಮನವರು ಓದಿ ಹಾಳೆ ಮಡಿಚಿಟ್ಟುಕೊಂಡರು. "ನಾಳೆಯಿಂದ ಬರೆ," ಅಂದರು.

ಮುಗಿಲ ಕಥೆಯೊಳಗೆ ಬಂದ. ಎಲ್ಲರಿಗೂ ಹಿಡಿಸಿದ. ಹಾರುವವನೇ ಎತ್ತರಕ್ಕೆ ಹೆದರುತ್ತಾನೆಂದರೆ ಮುಂದೇನಾಗುತ್ತದೋ ಎಂದು ಜನ ಕಾಯುವಂತಾಯಿತು.

ಆಗುವುದು ಆಯಿತು. ವಜ್ರನಗರದ ಅಣೆಕಟ್ಟು ಒಡೆದ ದಿನ ಮುಗಿಲ ಗುಡ್ಡದ ಮೇಲಿಂದ ಹಾರಲು ಅಂಜಿ, ಗುಡ್ಡ ಸುತ್ತಿಕೊಂಡು ತಡವಾಗಿ ಬಂದ. ಹಾಗೆಂದು ಬರೆದವನು ಕೊಟ್ರೇಶನೇ. ಅದರ ಮುಂದಿನ ಸಾಲು ಗಂಗಾವತಿಯ ಮುಬೀನಾ ಬರೆದಳು. ಅವಳು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅವಳ ಪಾತ್ರ ತೂಫಾನಿ, ಗಾಳಿಗಿಂತ ಜೋರಾಗಿ ಓಡುವವಳು. ಮುಗಿಲ ಬರುವಷ್ಟರಲ್ಲಿ ತೂಫಾನಿಯ ತಮ್ಮ ನೀರಿನಲ್ಲಿ ಕೊಚ್ಚಿಹೋಗಿದ್ದ.

ಎರಡು ತಿಂಗಳು ಕಥೆ ನಡೆಯಿತು. ಅಷ್ಟೂ ದಿನ ತೂಫಾನಿ ಮುಗಿಲನೊಡನೆ ಮಾತು ಬಿಟ್ಟಿದ್ದಳು.

ಆಮೇಲೊಂದು ದಿನ ವಜ್ರನಗರದ ಗಡಿಯಾರದ ಗೋಪುರಕ್ಕೆ ಬೆಂಕಿ ಬಿತ್ತು. ತೂಫಾನಿಯೂ ಗೋಪುರದ ಕೆಳಗೆ ಬಂದು ನಿಂತಳೆಂದು ಮುಬೀನಾ ಬರೆದಳು. ಮುಗಿಲ ಧೈರ್ಯ ಮಾಡಿ ಹಾರಿ, ಮೇಲಿದ್ದ ಮುದುಕನನ್ನು ಇಳಿಸಿ, ಇನ್ಯಾರಾದರೂ ಇದ್ದಾರೇನೋ ಎಂದು ಇನ್ನೊಮ್ಮೆ ಮೇಲೆ ಹೋದ. ಆಗ ಕೆಳಗೆ ನೋಡಿದ. ಭಯ ಹೊಕ್ಕಿತು. ಗಡಿಯಾರದ ಮುಳ್ಳು ಹಿಡಿದು ನೇತಾಡಿದ.

ಬರೆಯುತ್ತ ಬರೆಯುತ್ತ ಕೊಟ್ರೇಶನ ಕೈಯೂ ಬೆವರಿತು. ಅವನಿಗೆ ತಡೆಯಲಾಗಲಿಲ್ಲ. ನಿಲ್ಲಿಸಬೇಕಾದಲ್ಲಿ ನಿಲ್ಲಿಸದೆ ಇನ್ನೂ ನಾಲ್ಕು ಸಾಲು ಬರೆದ. ತೂಫಾನಿ ಓಡೋಡಿ ಮೆಟ್ಟಿಲು ಹತ್ತಿದಳು. ಹಳೆಯದನ್ನೆಲ್ಲ ಮರೆತಳು. ಅವನ ಕೈ ಹಿಡಿದು ಕೆಳಗಿಳಿಸಿದಳು. ಇಬ್ಬರೂ ಅತ್ತರು.

ಸ್ವಲ್ಪ ಹೊತ್ತಿಗೆ ಮುಬೀನಾ ಬರೆದಳು: "ನನ್ನ ತೂಫಾನಿ ಕ್ಷಮಿಸಿದಳು ಅಂತ ನಿಮಗೆ ಹೇಳಿದವರ್ಯಾರು ಸರ್? ಇನ್ನು ನಾನು ಬರೆಯಲ್ಲ."

ಸಂಜೆಯೊಳಗೆ ನೀಲಮ್ಮನವರು ಆ ನಾಲ್ಕೂ ಸಾಲು ಅಳಿಸಿಹಾಕಿದ್ದರು.

ಕೊಟ್ರೇಶ ಡ್ಯೂಟಿ ಮುಗಿಸಿ ಸೀದಾ ಆಶ್ರಮಕ್ಕೆ ಹೋದ.

"ಅಮ್ಮಾ, ನಾನು ಅವರ ಪಾತ್ರವನ್ನ ಕೆಟ್ಟದಾಗಿ ಬರೆದೆನಾ? ಒಳ್ಳೆಯದನ್ನೇ ಮಾಡಿಸಿದೆನಲ್ಲ?"

"ಒಳ್ಳೆಯದೇ. ಆದರೆ ನಿನ್ನದಲ್ಲ."

"ಮತ್ತೆ ನಾನೇನು ಬರೆಯಬೇಕಿತ್ತು?"

"ನಿನ್ನ ಮುಗಿಲನ ಕೈ ಎಲ್ಲಿತ್ತು?"

"ಒಂದು ಮುಳ್ಳಿನ ಮೇಲೆ. ಇನ್ನೊಂದು ಖಾಲಿ."

"ಆ ಖಾಲಿ ಕೈ ಚಾಚಲಿ. ಅಷ್ಟು ನಿನ್ನದು."

"ಅವರು ಹಿಡಿಯದಿದ್ದರೆ?"

"ಹಿಡಿಯದಿದ್ದರೆ ಇಲ್ಲ."

"ಅವರು ಬರೆಯೋದನ್ನೇ ಬಿಟ್ಟಿದ್ದಾರೆ. ನನ್ನ ಮುಗಿಲ ಅಲ್ಲೇ ನೇತಾಡಬೇಕಾ?"

"ಹೂಂ," ಅಂದರು ನೀಲಮ್ಮನವರು.

ಕೊಟ್ರೇಶ ಮುಬೀನಾಳಿಗೆ 'ತಪ್ಪಾಯಿತು ಮೇಡಂ' ಎಂದು ಬೇರೆಯಾಗಿ ಕಳಿಸಿದ. ಗುಂಪಿನಲ್ಲಿ ಒಂದೇ ಸಾಲು ಬರೆದ. ಮುಗಿಲ ಕೆಳಗಿದ್ದ ತೂಫಾನಿಯ ಕಡೆಗೆ ಕೈ ಚಾಚಿದ.

ಎರಡನ್ನೂ ಅವಳು ನೋಡಿದಳು. ಉತ್ತರ ಕೊಡಲಿಲ್ಲ.

ಒಂದು ದಿನ ಹೋಯಿತು. ಮೂರು ದಿನ ಹೋಯಿತು. ಗುಂಪಿನಲ್ಲಿ ಒಬ್ಬರು, ಬೇಕಾದರೆ ನನ್ನ ಪಾತ್ರ ಬಂದು ಇಳಿಸಲಿ ಅಂದರು. ಕೊಟ್ರೇಶ ಬೇಡ ಅಂದ. ಊಟದ ತಟ್ಟೆ ಮುಂದಿಟ್ಟುಕೊಂಡೂ ಮೊಬೈಲ್ ನೋಡುತ್ತಿದ್ದ.

ಐದನೆಯ ದಿನ ಗಾಳಿಗೆ ಕೊಂಬೆ ಬಿದ್ದು ಪೇಟೆಯ ಲೈನು ಹರಿದಿತ್ತು. ಕರೆಂಟ್ ತೆಗೆಸಿಯಾಗಿತ್ತು. ಏಣಿ ಒರಗಿಸಿದ್ದ ಕಂಬದ ಹತ್ತಿರ ಕೊಟ್ರೇಶ, ಹನುಮಂತಪ್ಪ ಇಬ್ಬರೇ. ಹನುಮಂತಪ್ಪ ಬೆಳಗಿನಿಂದ ನಾಲ್ಕು ಕಂಬ ಹತ್ತಿ ಇಳಿದಿದ್ದ. ಬೆಲ್ಟ್ ತೆಗೆದು ಕೊಟ್ರೇಶನ ಕಡೆ ನೀಡಿದ.

"ಇದೊಂದು ನೀನು ಹತ್ತು ಮಾರಾಯ."

ಕೊಟ್ರೇಶ ಸೊಂಟ ಮುಟ್ಟಿಕೊಂಡ. ಬಾಯಿಗೆ ಬಂದ ಮಾತನ್ನು ನುಂಗಿದ.

"ಅಣ್ಣಾ, ನನಗೆ ಹೆದರಿಕೆ. ಅವತ್ತು ಕಾಲು ಜಾರಿದಾಗಿಂದ ಹತ್ತಕ್ಕೆ ಆಗ್ತಿಲ್ಲ. ಸೊಂಟ ನೋವು ಅಂದದ್ದೆಲ್ಲ ಸುಳ್ಳು."

ಹನುಮಂತಪ್ಪ ಅವನ ಮುಖ ನೋಡಿದ. ಬೆಲ್ಟನ್ನು ಮತ್ತೆ ತಾನೇ ಕಟ್ಟಿಕೊಂಡ.

"ಏಣಿ ಗಟ್ಟಿಯಾಗಿ ಹಿಡಿ," ಅಂದ.

ಕೊಟ್ರೇಶ ಹಿಡಿದುಕೊಂಡ. ಲೈನು ಕಟ್ಟಿ ಮುಗಿಯುವವರೆಗೂ ಕೈ ಸಡಿಲಿಸಲಿಲ್ಲ.

ಮರುದಿನ ಕೊಟ್ರೇಶ ತಾನೇ ಹೋಗಿ ಸಾಹೇಬರಿಗೂ ಹೇಳಿದ. ಅವರು ಮುಖ ಗಂಟು ಹಾಕಿಕೊಂಡರು, ಆದರೆ ಸದ್ಯಕ್ಕೆ ನೆಲದ ಕೆಲಸ ಕೊಟ್ಟರು. ಇಬ್ಬರು ಜೊತೆಗಾರರು ನಕ್ಕರು. ಅವರ ನಗು ಕೊಟ್ರೇಶ ಅಂದುಕೊಂಡಷ್ಟು ಹೊತ್ತು ಇರಲಿಲ್ಲ.

ಎಂಟನೆಯ ದಿನ ಮುಬೀನಾ ಬರೆದಳು.

ತೂಫಾನಿ ಮುಗಿಲನ ಕೈ ನೋಡಿದಳು. ಬೆನ್ನು ತಿರುಗಿಸಿ ಹೊರಟಳು. ಬೀದಿಯ ತುದಿ ಮುಟ್ಟಿದಳು. ಅಲ್ಲಿ ಎಷ್ಟು ಹೊತ್ತು ನಿಂತಳೋ ಅವಳಿಗೇ ತಿಳಿಯದು. ತಿರುಗಿ ಬಂದು ಗೋಪುರ ಹತ್ತಿದಳು. ಕೈ ಹಿಡಿಯಲಿಲ್ಲ. ಕಂಬಿಗೆ ಒಂದು ಹಗ್ಗ ಬಿಗಿದು, ಅದರ ತುದಿಯನ್ನು ಅವನ ಕಡೆ ಎಸೆದು, ಮಾತಾಡದೆ ಕೆಳಗಿಳಿದುಹೋದಳು.

ಕೊಟ್ರೇಶ ಅದನ್ನು ನಾಲ್ಕು ಸಲ ಓದಿದ. ಹಗ್ಗ ಅವನ ತಲೆಗೆ ಹೊಳೆದೇ ಇರಲಿಲ್ಲ. ತಾನೇ ನೂರು ಸಲ ಬರೆದಿದ್ದರೂ ಹೊಳೆಯುತ್ತಿರಲಿಲ್ಲ.

ಅಂದು ಸಂಜೆ ಅವನು ಆಶ್ರಮಕ್ಕೆ ಹೋದಾಗ ನೀಲಮ್ಮನವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನೂ ಎರಡು ಮೆಟ್ಟಿಲು ಕೆಳಗೆ ಕೂತ.

"ಹಗ್ಗ ಎಸೆದಿದ್ದಾರೆ ಅಮ್ಮಾ. ಆದರೆ ಕೈ ಹಿಡಿಯಲಿಲ್ಲ."

"ಓದಿದೆ."

"ಈಗ ಎಲ್ಲರೂ ನನ್ನ ಸಾಲಿಗೆ ಕಾಯ್ತಿದ್ದಾರೆ. ಮುಗಿಲ ಸುಮ್ಮನೆ ಇಳಿದುಬಿಡಲಾ? ಇಳಿದು ಅವಳ ಹಿಂದೆ ಹೋಗಲಾ? ತಮ್ಮನ ವಿಷಯ ಎತ್ತಲಾ, ಬೇಡವಾ? ನೀವೇ ಹೇಳಿ, ಏನು ಬರೆಯಲಿ?"

ನೀಲಮ್ಮನವರು ಸೆರಗು ಕೊಡವಿ ಎದ್ದರು.

"ಅಲ್ಲಿ ನೇತಾಡುತ್ತಿರುವವನು ನಾನಲ್ಲಪ್ಪ," ಅಂದರು.